ಹಿಂದಿನ ಸೀಟಿನ ಚರಿತ್ರೆ

ಅವರೆಕಾಯಿ ಕಾಲದ ಒಂದು ಭಾನುವಾರ. ನಾನು ಹಿತ್ತಿಲ ಜಗಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆ. ಎದುರಿಗೆ ಹಳೆಯ ಚಾಪೆಯೊಂದನ್ನು ಹಾಸಿಕೊಂಡು ನನ್ನ ಮಗ ಅವರಪ್ಪನ ಯೆಜ್ಡಿ ಬೈಕನ್ನು ಸುಲಿಯುತ್ತಿದ್ದ. ಸುಲಿಯುವುದು ಎಂದೇ ಅನ್ನಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ನೆನೆಸಿ, ಸ್ಪ್ಯಾನರ್ ಹಾಕಿ ತಿರುಗಿಸಿ, ಬಿಚ್ಚಿ ಬಂದದ್ದನ್ನೆಲ್ಲ ನನ್ನ ಬಿಸ್ಕತ್ತಿನ ಡಬ್ಬಗಳಿಗೆ ತುಂಬುತ್ತಿದ್ದ. ಎಲ್ಲಕ್ಕಿಂತ ಮೊದಲು ಬಿಚ್ಚಿಕೊಂಡು ಬಂದದ್ದು ಹಿಂದಿನ ಚಕ್ರದ ಪಕ್ಕದ ಸ್ಯಾರಿ ಗಾರ್ಡು. ಅದನ್ನು ಒಗೆಯುವ ಕಲ್ಲಿನ ಮೇಲೆ ಠಣ್ಣೆಂದು ಎಸೆದು, "ಅಮ್ಮ, ಇದು ಗುಜರಿಗೆ" ಎಂದ.

"ಯಾಕೋ?"

"ಇದು ಕೆಫೆ ರೇಸರ್ ಆಗ್ತಿದೆ ಅಮ್ಮ. ಅದಕ್ಕೆ ಇದೆಲ್ಲ ಬೇಡ."

"ಹಾಗಂದ್ರೆ ಹೋಟೆಲಿಗೆ ಕಾಫಿ ಕುಡಿಯೋಕೆ ಹೋಗೋ ಬೈಕಾ?"

"ಹೆಚ್ಚುಕಡಿಮೆ ಹಾಗೇ ಅನ್ನು. ಒಂದೇ ಸೀಟು. ಹಿಂದೆ ಯಾರೂ ಕೂರೋ ಹಾಗಿಲ್ಲ."

ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಆ ಬೈಕಿನ ಮುಂದಿನ ಸೀಟಿನಲ್ಲಿ ನಾನು ಒಂದು ದಿನವೂ ಕೂತವಳಲ್ಲ. ಹಿಂದಿನ ಸೀಟಿನಲ್ಲಿ, ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು, ಸುಮಾರು ನಲವತ್ತು ವರ್ಷ ಕೂತಿದ್ದೇನೆ. ನಮ್ಮವರು ತೀರಿಕೊಂಡ ಮೇಲೆ ಅದು ಮಹಡಿ ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟು ಹೊದ್ದು ನಿಂತಿತ್ತು. ಮಗ ಅದನ್ನು ಮತ್ತೆ ಓಡಿಸುತ್ತೇನೆ ಎಂದಾಗ ಸಂತೋಷಪಟ್ಟವಳು ನಾನೇ. ಹೀಗೆ ಓಡಿಸುತ್ತಾನೆಂದು ಗೊತ್ತಿರಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವಳು. ಸಿಟ್ಟು ಬಂದರೆ ಜಗಳ ಆಡುವುದಕ್ಕೆ ಮೊದಲು ಮೂಲ ಹುಡುಕುವುದು ನನ್ನ ಅಭ್ಯಾಸ. ಈ ಕೆಫೆ ರೇಸರ್ ಎಂಬುದು ಎಲ್ಲಿಂದ ಬಂತು, ಅದಕ್ಕೆ ಹಿಂದಿನ ಸೀಟಿನ ಮೇಲೆ ಯಾಕಿಷ್ಟು ಹಗೆ ಎಂದು ಓದತೊಡಗಿದೆ. ಓದುತ್ತಾ ಹೋದ ಹಾಗೆ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧದ ಕಥೆ ಆಮೇಲೆ ಹೇಳುತ್ತೇನೆ.

ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಬದಿಯಲ್ಲಿ 1938ರಲ್ಲಿ ಏಸ್ ಕೆಫೆ ಎಂಬ ಹೋಟೆಲು ಶುರುವಾಯಿತು. ಲಾರಿ ಡ್ರೈವರುಗಳು ನಿಲ್ಲಿಸಿ ಚಹಾ ಕುಡಿದು ಹೊಟ್ಟೆ ತುಂಬಿಸಿಕೊಂಡು ಹೋಗುವ ಜಾಗ. ನಮ್ಮ ಹೆದ್ದಾರಿಯ ಢಾಬಾ ಇದ್ದಂತೆ ಅನ್ನಿ. ಪಕ್ಕದಲ್ಲೇ ರೈಲ್ವೆ ಯಾರ್ಡು ಇದ್ದುದರಿಂದ 1940ರಲ್ಲಿ ಜರ್ಮನ್ನರ ಬಾಂಬು ಬಿದ್ದು ಹೋಟೆಲೂ ನೆಲಸಮವಾಯಿತು. 1949ರಲ್ಲಿ ಮತ್ತೆ ಕಟ್ಟಿದರು. ಹೊಸ ಕಟ್ಟಡಕ್ಕೆ ಬರತೊಡಗಿದ ಗಿರಾಕಿಗಳೇ ಬೇರೆ. ಯುದ್ಧದಲ್ಲಿ ಮಕ್ಕಳಾಗಿದ್ದವರು ಈಗ ಹದಿನೆಂಟು, ಇಪ್ಪತ್ತರ ಹುಡುಗರಾಗಿದ್ದರು. ಅವರು ಬೆಳೆದದ್ದು ರೇಷನ್ನಿನಲ್ಲಿ. ಇಂಗ್ಲೆಂಡಿನಲ್ಲಿ ಆಹಾರದ ರೇಷನ್ ಪೂರ್ತಿಯಾಗಿ ನಿಂತದ್ದು 1954ರಲ್ಲಿ. ಕಾರ್ಖಾನೆಗಳಲ್ಲಿ ಕೆಲಸ ಧಾರಾಳವಾಗಿತ್ತು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಕಾರು ಕೊಳ್ಳುವಷ್ಟಿಲ್ಲ, ಕಂತಿನಲ್ಲಿ ಮೋಟಾರ್ ಸೈಕಲ್ ಕೊಳ್ಳುವಷ್ಟಿತ್ತು. ಚರ್ಮದ ಜಾಕೀಟು ತೊಟ್ಟು ಸಂಜೆಯಾಯಿತೆಂದರೆ ಇಂಥ ಹೋಟೆಲುಗಳ ಮುಂದೆ ಜಮಾಯಿಸುತ್ತಿದ್ದರು. ಒಳಗೆ ಜೂಕ್‌ಬಾಕ್ಸು, ಕಾಸು ಹಾಕಿದರೆ ರಾಕ್ ಅಂಡ್ ರೋಲ್ ಹಾಡು. ಆ ಸಂಗೀತವನ್ನು ಮನೆಯಲ್ಲಿ ಹಾಕಲು ಅಪ್ಪ ಅಮ್ಮ ಬಿಡುತ್ತಿರಲಿಲ್ಲವೇನೋ. ನಮ್ಮ ಮನೆಗಳಲ್ಲಿ ಸಿಲೋನ್ ರೇಡಿಯೋಗೆ ಆದ ಗತಿ ನೆನಪಿದೆಯಲ್ಲ!

ಊರಾಚೆಯ ರಸ್ತೆಗಳಲ್ಲಿ ಆಗ ವೇಗದ ಮಿತಿಯೇ ಇರಲಿಲ್ಲ. ಗಂಟೆಗೆ 70 ಮೈಲಿಯ ಮಿತಿ ಬಂದದ್ದು 1965ರ ಡಿಸೆಂಬರಿನಲ್ಲಿ. ಹುಡುಗರ ಕನಸು 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರು. ಅದನ್ನು ಮುಟ್ಟಿದವನು 'ಟನ್' ಹೊಡೆದ ವೀರ. ಜೂಕ್‌ಬಾಕ್ಸಿನಲ್ಲಿ ಒಂದು ಹಾಡು ಹಾಕಿ, ಅದು ಮುಗಿಯುವಷ್ಟರಲ್ಲಿ ಗೊತ್ತಾದ ಜಾಗಕ್ಕೆ ಹೋಗಿ ವಾಪಸು ಬರಬೇಕೆಂಬ ಪಂದ್ಯದ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಹಾಡು ಮೂರು ನಿಮಿಷದ್ದು. ಕಥೆ ಎಷ್ಟು ನಿಜವೋ, ಸತ್ತ ಹುಡುಗರು ಮಾತ್ರ ನಿಜ. ಪತ್ರಿಕೆಗಳು ಅವರನ್ನು ಹೀನಾಯವಾಗಿ ಬೈದು ಬರೆದವು. 'ಕೆಫೆ ರೇಸರ್' ಎಂಬ ಹೆಸರೂ ಹುಟ್ಟಿದ್ದು ಹೀಯಾಳಿಕೆಯಲ್ಲಂತೆ. ನೀವೇನು ನಿಜವಾದ ರೇಸಿನವರೇ, ಹೋಟೆಲಿನಿಂದ ಹೋಟೆಲಿಗೆ ಓಡಿಸುವ ಕಾಫಿಪುಡಿ ವೀರರು ಎಂದು ಲಾರಿಯವರು ಛೇಡಿಸಿದ್ದನ್ನೇ ಹುಡುಗರು ಬಿರುದಿನಂತೆ ಎತ್ತಿಕೊಂಡರು.

ಅವರೊಂದಿಗೆ ಜಗಳವಾಡದೆ ಹತ್ತಿರ ಹೋದವರೂ ಒಬ್ಬರಿದ್ದರು. ಬಿಲ್ ಶೆರ್ಗೋಲ್ಡ್ ಎಂಬ ಪಾದ್ರಿ. ಸ್ವತಃ ಬೈಕ್ ಓಡಿಸುತ್ತಿದ್ದವರು. 1962ರಲ್ಲಿ ಏಸ್ ಕೆಫೆಗೆ ಹೋಗಿ ಈ ಹುಡುಗರನ್ನು ಮಾತಾಡಿಸಿ, ಬೈಕು ಸಮೇತ ಚರ್ಚಿಗೆ ಬನ್ನಿರೆಂದು ಕರೆದರು. ಲಂಡನ್ನಿನ ಹ್ಯಾಕ್ನಿ ವಿಕ್‌ನ '59 ಕ್ಲಬ್' ಅವರಿಂದಾಗಿ ಬೈಕಿನವರ ಮನೆಯಾಯಿತು. ಬೈಯುವವರ ನಡುವೆ ಹೀಗೆ ಕರೆಯುವವರೊಬ್ಬರು ಎಲ್ಲ ಕಾಲಕ್ಕೂ ಬೇಕು ಎಂದು ಮೇಷ್ಟರ ಜಾತಿಯವಳಾದ ನನಗೆ ಅನ್ನಿಸುತ್ತದೆ.

ಇನ್ನು ಬೈಕಿನ ವಿಷಯ. ಅಂಗಡಿಯಲ್ಲಿ ಸಿಗುತ್ತಿದ್ದುದು ಮನೆಮಂದಿಯ ಬೈಕು. ರೇಸಿನ ಬೈಕು ಕೊಳ್ಳುವ ಶಕ್ತಿ ಇವರಿಗಿಲ್ಲ. ಆದ್ದರಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ, ಅಂಗಳದಲ್ಲಿ ಇದ್ದುದನ್ನೇ ಬಿಚ್ಚಿ ಹಗುರ ಮಾಡಿದರು. ಭಾರ ಇಳಿದಷ್ಟೂ ಅದೇ ಇಂಜಿನ್ನು ಹೆಚ್ಚು ಓಡುತ್ತದೆ. ಎತ್ತರದ ಹ್ಯಾಂಡಲ್ ತೆಗೆದು ಮುಂದಿನ ಫೋರ್ಕಿಗೇ ಕಚ್ಚಿಸುವ ಎರಡು ತುಂಡು ಹಿಡಿಗಳನ್ನು ಹಾಕಿದರು. ಇದಕ್ಕೆ ಕ್ಲಿಪ್-ಆನ್ ಎನ್ನುತ್ತಾರೆ. ಸವಾರ ಪೆಟ್ರೋಲ್ ಟ್ಯಾಂಕಿನ ಮೇಲೆ ಬೋರಲು ಮಲಗಿದಂತೆ ಬಗ್ಗಿದರೆ ಗಾಳಿ ತಡೆಯುವುದು ಕಡಿಮೆ. ಹಾಗೆ ಬಗ್ಗಿದಾಗ ಕಾಲು ಮುಂದಿದ್ದರೆ ಮೈ ನಿಲ್ಲದು, ಅದಕ್ಕೆ ಪಾದ ಇಡುವ ಕಡ್ಡಿಗಳನ್ನು ಹಿಂದಕ್ಕೆ ಸರಿಸಿದರು. ಉದ್ದನೆಯ ಟ್ಯಾಂಕು. ಜೋರಾಗಿ ಎಳೆದಾಗ ಹಿಂದಕ್ಕೆ ಜಾರದಂತೆ ಸೀಟಿನ ತುದಿಗೊಂದು ಗೂನು. ಆ ಗೂನು ಇರುವುದು ಸರಿಯಾಗಿ ಎರಡನೆಯವರು ಕೂರುತ್ತಿದ್ದ ಜಾಗದಲ್ಲಿ!

ಇವುಗಳಲ್ಲಿ ದೊಡ್ಡ ಹೆಸರು ಟ್ರೈಟನ್. ಅದು ಯಾವ ಕಂಪನಿಯೂ ಮಾಡಿದ ಬೈಕಲ್ಲ, ಟ್ರಯಂಫ್ ಇಂಜಿನ್ನನ್ನು ನಾರ್ಟನ್ ಚೌಕಟ್ಟಿನಲ್ಲಿ ಕೂರಿಸಿದ ಸಂಕರ. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್ಲೆಸ್ ಸೋದರರು ರೂಪಿಸಿ 1950ರಲ್ಲಿ ರೇಸಿಗಿಳಿದ ಆ ಚೌಕಟ್ಟು ಎಷ್ಟು ಸುಖವಾಗಿತ್ತೆಂದರೆ ಅದಕ್ಕೆ 'ಫೆದರ್‌ಬೆಡ್', ಗರಿಯ ಹಾಸಿಗೆ, ಎಂದೇ ಹೆಸರಾಯಿತು. ಚೌಕಟ್ಟುಗಳು ಖಾಲಿಯಾಗಿ ಸಿಕ್ಕಿದ್ದು ಹೇಗೆಂಬುದು ತಮಾಷೆಯಾಗಿದೆ. ಸಣ್ಣ ರೇಸ್ ಕಾರುಗಳವರಿಗೆ ನಾರ್ಟನ್ನಿನ 500 ಸಿಸಿ ಇಂಜಿನ್ ಬೇಕು, ಆದರೆ ಇಂಜಿನ್ ಬಿಡಿಯಾಗಿ ಮಾರುತ್ತಿರಲಿಲ್ಲ. ಇಡೀ ಬೈಕು ಕೊಂಡು, ಇಂಜಿನ್ ಕಿತ್ತುಕೊಂಡು, ಮಿಕ್ಕದ್ದನ್ನು ಮಾರಿಬಿಡುತ್ತಿದ್ದರು. ಹಾಗುಳಿದ ಒಡಲುಗಳಿಗೆ ಟ್ರಯಂಫಿನ ಜೀವ ಬಂತು. ಒಂದು ಸೀರೆಯ ಸೆರಗು, ಇನ್ನೊಂದರ ಒಡಲು ಸೇರಿಸಿ ಹೊಲಿದು ಮಗಳಿಗೆ ಲಂಗ ಮಾಡಿದ ತಾಯಂದಿರಿಗೆ ಇದೇನೂ ಹೊಸದಲ್ಲ.

ಇಷ್ಟು ಓದಿದಾಗ ಸಿಟ್ಟು ಇಳಿದಿತ್ತೆಂದೆನಲ್ಲ. ಬಡ ಹುಡುಗರು ಇದ್ದುದರಲ್ಲೇ ಕಟ್ಟಿಕೊಂಡ ವಸ್ತು ಇದು. ಆದರೆ ಹೆಂಗಸು ಎಲ್ಲಿ ಕೂತಿದ್ದಳು ಎಂದು ಹುಡುಕುವ ನನ್ನ ಚಾಳಿ ಬಿಡಬೇಕಲ್ಲ. ಇಂಗ್ಲೆಂಡಿನಲ್ಲೂ ಹಿಂದಿನ ಸೀಟಿಗೊಂದು ಚರಿತ್ರೆ ಇದೆ. 1920ರ ದಶಕದಲ್ಲಿ ಸಾಮಾನಿನ ಕ್ಯಾರಿಯರಿನ ಮೇಲೆ ದಿಂಬು ಕಟ್ಟಿ ಹುಡುಗಿಯರನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಆ ಜಾಗಕ್ಕೆ ಬೀದಿಯ ಮಾತಿನಲ್ಲಿ 'ಫ್ಲ್ಯಾಪರ್ ಬ್ರಾಕೆಟ್' ಎಂಬ ಹೆಸರಿತ್ತು. ಫ್ಲ್ಯಾಪರ್ ಎಂದರೆ ಆ ಕಾಲದ ಬೆಡಗಿನ ಹುಡುಗಿ. ಅವರೂ ನಮ್ಮ ಹಾಗೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತದ್ದುಂಟು. ಆಮೇಲೆ ಪ್ಯಾಂಟು ಬಂತು, ಕಾಲು ಎರಡೂ ಕಡೆ ಹೋಯಿತು.

ಮುಂದಿನ ಸೀಟಿಗೆ ಬಂದವರೂ ಇದ್ದರು. ಬೀಟ್ರಿಸ್ ಶಿಲ್ಲಿಂಗ್, ಹುಟ್ಟಿದ್ದು 1909ರಲ್ಲಿ. ಹದಿನಾಲ್ಕನೆಯ ವಯಸ್ಸಿಗೇ ಬೈಕು ಕೊಂಡಾಕೆ. ಮ್ಯಾಂಚೆಸ್ಟರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದರು. ತನ್ನ ನಾರ್ಟನ್ ಬೈಕನ್ನು ತಾನೇ ಬಿಚ್ಚಿ ಬದಲಾಯಿಸಿ, 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ರೇಸಿನ ಬಯಲಿನಲ್ಲಿ ಗಂಟೆಗೆ 106 ಮೈಲಿಯಲ್ಲಿ ಸುತ್ತು ಹಾಕಿ ಚಿನ್ನದ ನಕ್ಷತ್ರದ ಪದಕ ಪಡೆದರು. ಏಸ್ ಕೆಫೆಯ ಹುಡುಗರು 'ಟನ್' ಎಂದು ಕುಣಿಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ! ಯುದ್ಧಕಾಲದಲ್ಲಿ ಬ್ರಿಟಿಷ್ ಫೈಟರ್ ವಿಮಾನಗಳು ಮೂತಿ ಕೆಳಗೆ ಮಾಡಿ ಧುಮುಕಿದಾಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಏರುಪೇರಾಗಿ ಇಂಜಿನ್ ತಡವರಿಸುತ್ತಿತ್ತು. ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ಪೆಟ್ರೋಲಿನ ದಾರಿಯಲ್ಲಿಟ್ಟು 1941ರಲ್ಲಿ ಅದಕ್ಕೆ ಪರಿಹಾರ ಕೊಟ್ಟವರು ಈಕೆಯೇ. ಇದನ್ನು ಮಗನಿಗೆ ಓದಿ ಹೇಳಿದೆ. "ಸೂಪರ್ ಅಮ್ಮ" ಎಂದು ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ.

ಏಸ್ ಕೆಫೆಯ ಕಾಲ ಬಹಳ ದಿನ ನಡೆಯಲಿಲ್ಲ. 1959ರಲ್ಲಿ ಮಿನಿ ಎಂಬ ಅಗ್ಗದ ಪುಟ್ಟ ಕಾರು ಬಂತು. ಮದುವೆಯಾಗಿ ಮಕ್ಕಳಾದವರು ಕಾರಿಗೆ ಹೋದರು. 1964ರಲ್ಲಿ ಸ್ಕೂಟರಿನ 'ಮಾಡ್'ಗಳಿಗೂ ಬೈಕಿನ 'ರಾಕರ್'ಗಳಿಗೂ ಸಮುದ್ರತೀರದ ಊರುಗಳಲ್ಲಿ ಹೊಡೆದಾಟವಾಗಿ ಹೆಸರು ಇನ್ನಷ್ಟು ಕೆಟ್ಟಿತು. 1969ರಲ್ಲಿ ಹೋಟೆಲು ಬಾಗಿಲು ಹಾಕಿತು. ಹಳೆಯ ಗಿರಾಕಿಗಳ ಪ್ರೀತಿಯಿಂದ ಮತ್ತೆ ತೆರೆದದ್ದು 2001ರಲ್ಲಿ. ಈ ನಡುವೆ ಹುಡುಗರು ಶೆಡ್ಡಿನಲ್ಲಿ ಮಾಡುತ್ತಿದ್ದುದನ್ನು ಒಂದು ಕಂಪನಿ ತಾನೇ ಮಾಡಿ ಮಾರಿತ್ತು: ರಾಯಲ್ ಎನ್‌ಫೀಲ್ಡಿನ ಕಾಂಟಿನೆಂಟಲ್ ಜಿಟಿ, 250 ಸಿಸಿ, 1964ರ ಕೊನೆಯಲ್ಲಿ. ಕಲಿಯುವ ಹುಡುಗರು 250 ಸಿಸಿಗಿಂತ ದೊಡ್ಡದನ್ನು ಓಡಿಸಬಾರದೆಂದು ಆಗ ಅಲ್ಲಿ ಕಾನೂನಿತ್ತು. ಆ ಇಂಗ್ಲಿಷ್ ಕಂಪನಿ ಮುಳುಗಿತು. 1955ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಅದರ ಶಾಖೆ ಬದುಕಿ, 2013ರಲ್ಲಿ ಅದೇ ಹೆಸರಿನ ಬೈಕನ್ನು ಮತ್ತೆ ತಂದಿತು. ನನ್ನ ಮಗನ ತಲೆಗೆ ಹುಳ ಬಿಟ್ಟದ್ದು ಅದೇ ಇರಬೇಕು.

ಆದರೆ ನಮ್ಮ ಬೈಕು ಹುಟ್ಟಿದ್ದು ಮೈಸೂರಿನಲ್ಲಿ. ಇದರ ವಂಶ ಬೇರೆ. ಚೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು, ತನ್ನ ಹೆಸರಿನ ಎರಡಕ್ಷರ, ಅದರ ಹೆಸರಿನ ಎರಡಕ್ಷರ ಸೇರಿಸಿ ಜಾವಾ ಎಂದಿಟ್ಟ. ಅದನ್ನು ಮೈಸೂರಿನ ಯಾದವಗಿರಿಗೆ ತಂದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಬೈಕುಗಳು ಬರತೊಡಗಿದವು. 1970ರ ದಶಕದ ಮೊದಲಲ್ಲಿ ಪರವಾನಗಿಯ ಅವಧಿ ಮುಗಿದ ಮೇಲೆ ಹೆಸರು ಯೆಜ್ಡಿ ಎಂದಾಯಿತು. ಅದು ಇರಾನಿನ ಯಜ್ದ್ ಎಂಬ ಊರಿನಿಂದ ಬಂದ ಹೆಸರು. ಇರಾನಿನ ಊರು, ಚೆಕ್ ಇಂಜಿನ್ನು, ಮೈಸೂರಿನ ಕೆಲಸಗಾರರು!

ನಮ್ಮದು 1977ರ ಗಾಡಿ. ಸ್ಕೂಟರು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಇವರು ಬ್ಯಾಂಕಿನಲ್ಲಿ ಸಾಲ ಮಾಡಿ ಯೆಜ್ಡಿ ಕೊಂಡರು. 250 ಸಿಸಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಟೂ ಸ್ಟ್ರೋಕ್. ಎಡಗಡೆ ಒಂದೇ ಸರಳು. ಅದನ್ನೇ ಮಡಿಸಿ ಒದ್ದರೆ ಸ್ಟಾರ್ಟು, ಬಿಟ್ಟರೆ ಗೇರು. ಚೈನು ಪೂರ್ತಿ ಪೆಟ್ಟಿಗೆಯೊಳಗೆ. ಸೀರೆಯವರಿಗೆ ಇದಕ್ಕಿಂತ ಉಪಕಾರ ಉಂಟೆ?

1978ರಲ್ಲಿ ನಮ್ಮ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ಮಾರನೆಯ ವಾರ ಇವರು ಅಂಗಡಿಗೆ ಹೋಗಿ ಸ್ಯಾರಿ ಗಾರ್ಡು ಹಾಕಿಸಿದರಂತೆ. ಕಂಬಿಗಳ ಜಾಲರಿ, ಕೆಳಗೆ ಪಾದ ಊರಲು ಒಂದು ತಗಡಿನ ಹಲಗೆ. ನನ್ನ ಅಣ್ಣ ಅದನ್ನು ನೋಡಿ ಬಂದು ಮನೆಯಲ್ಲಿ ಹೇಳಿದ್ದ: "ಹುಡುಗ ಪರವಾಗಿಲ್ಲ." ತಾಳಿಗಿಂತ ಮೊದಲು ಕಟ್ಟಿಸಿದ್ದು ಅದು. ಮದುವೆಯಾದ ಮೇಲೆ ಚಾಮುಂಡಿ ಬೆಟ್ಟಕ್ಕೆ ಅದರ ಮೇಲೆಯೇ ಹೋದೆವು. ತಿರುವಿನಲ್ಲಿ ಇವರ ಭುಜ ಹಿಡಿಯಬೇಕೋ ಸೀಟಿನ ಪಟ್ಟಿ ಹಿಡಿಯಬೇಕೋ ತಿಳಿಯದೆ ಎರಡನ್ನೂ ಹಿಡಿದುಕೊಂಡಿದ್ದೆ. ಆಮೇಲೆ ಆ ಸೀಟಿನ ಮೇಲೆ ಏನೆಲ್ಲ ಬಂತು! ಮೊಮ್ಮಗುವಿಗೆಂದು ನನ್ನಮ್ಮ ಕೊಟ್ಟ ತೊಟ್ಟಿಲ ಬಟ್ಟೆ, ದೇವರಾಜ ಮಾರುಕಟ್ಟೆಯ ಬಾಳೆಗೊನೆ, ಇದೇ ಮಗ ಹುಟ್ಟುವ ರಾತ್ರಿ ನೋವು ತಿನ್ನುತ್ತಿದ್ದ ನಾನು. ಸ್ಕೂಲಿಗೆ ನನ್ನನ್ನು ಬಿಟ್ಟು ಇವರು ಬ್ಯಾಂಕಿಗೆ ಹೋಗುತ್ತಿದ್ದರು. ನನ್ನ ಸಂಬಳದ ಬದುಕು ನಡೆದದ್ದು ಆ ಸೀಟಿನಿಂದ. ಇಷ್ಟಾದರೂ ಓಡಿಸಲು ಕಲಿಸಿ ಎಂದು ನಾನು ಕೇಳಲಿಲ್ಲ, ಕಲಿಯೆಂದು ಇವರೂ ಹೇಳಲಿಲ್ಲ. ಇದು ಅವರ ತಪ್ಪೋ ನನ್ನದೋ ಎಂದು ಈಗ ಯೋಚನೆಯಾಗುತ್ತದೆ.

ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಪಾನಿನ ಸಹಯೋಗದ 100 ಸಿಸಿ ಬೈಕುಗಳು 1980ರ ದಶಕದ ನಡುವೆ ಬಂದಿದ್ದವು. ಒಂದು ಲೀಟರಿಗೆ ಅವು ಓಡುವ ದೂರದ ಮುಂದೆ ಯೆಜ್ಡಿ ನಿಲ್ಲುವಂತಿರಲಿಲ್ಲ. ಹೊಗೆಯ ನಿಯಮಗಳೂ ಬಿಗಿಯಾದವು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದರೂ ತಯಾರಾದದ್ದು ಮಧ್ಯಪ್ರದೇಶದಲ್ಲಿ.

ಮಗನಿಗೆ ಸಹಾಯ ಮಾಡಲು ಬರುತ್ತಿದ್ದ ಮೆಕ್ಯಾನಿಕ್ ಆ ಕಾರ್ಖಾನೆಯಲ್ಲಿ ದುಡಿದವರು. ಈಗ ಎಪ್ಪತ್ತು ದಾಟಿದೆ. ಇಂಜಿನ್ ಬಿಚ್ಚಿ, ಹಳೆಯ ಸೀಲುಗಳನ್ನು ಬದಲಾಯಿಸಿ, ಪಾಯಿಂಟಿನ ಸಂದು ಕಣ್ಣಳತೆಯಲ್ಲೇ ಹೊಂದಿಸುತ್ತಿದ್ದರು. ಒಂದು ದಿನ ಮಗ ಗೂನು ಸೀಟು ಕೂರಿಸಲು ಚೌಕಟ್ಟಿನ ಹಿಂಬದಿಯನ್ನೇ ಕೊಯ್ಯಬೇಕೆಂದು ಗ್ರೈಂಡರ್ ತಂದ. ಅವರು ಕೈ ಒರೆಸಿಕೊಂಡು ಎದ್ದು ನಿಂತರು. "ಅಮ್ಮಾವ್ರೇ, ಇವರು ಚಾಸಿ ಕೊಯ್ದರೆ ನಾನು ನಾಳೆಯಿಂದ ಬರಲ್ಲ. ನಾವು ವೆಲ್ಡ್ ಮಾಡಿದ್ದು ಕೊಯ್ಯೋಕಲ್ಲ."

ನಾನೂ ಸುಮ್ಮನಿರಲಿಲ್ಲ, ಅಷ್ಟರಲ್ಲಿ ಕಾನೂನನ್ನೂ ಓದಿ ಇಟ್ಟಿದ್ದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಕಂಪನಿಯವರು ಕೊಟ್ಟ ಮೂಲ ರೂಪಕ್ಕೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಮಾಡಿ ಹೇಳಿದೆ. ಇನ್ನೊಂದು ಸಿಕ್ಕಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು: ಬೈಕಿನಲ್ಲಿ ಹಿಂದೆ ಕೂರುವವರಿಗೆ ಕೈಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು, ಅವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕು. ಸೀರೆ ಎಂಬ ಮಾತನ್ನು ಬಳಸದೆ ಭಾರತ ಸರ್ಕಾರ ನನ್ನ ಸೀರೆಯನ್ನು ಕುರಿತು ಬರೆದದ್ದು! ಕೆಫೆ ರೇಸರಿಗೆ ಬೇಡವಾದದ್ದು ಕಾನೂನಿಗೆ ಬೇಕಾಗಿತ್ತು.

ಮಗ ಗ್ರೈಂಡರ್ ಹಿಂದಿರುಗಿಸಿದ. ಏನು ಮಾಡಿದರೂ ಬೋಲ್ಟು ಬಿಚ್ಚಿದರೆ ಮೊದಲಿನಂತಾಗಬೇಕು ಎಂದು ಮೆಕ್ಯಾನಿಕ್ ಎದುರು ಒಪ್ಪಿಕೊಂಡ. ಗಾಡಿಯ ಆರ್‌ಸಿ ಅವಧಿ ಅವರಪ್ಪನ ಕಾಯಿಲೆಯ ದಿನಗಳಲ್ಲಿ ಮುಗಿದುಹೋಗಿತ್ತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಹಾಗಾಗಿ ಹಳೆಯ ಹ್ಯಾಂಡಲ್, ಹಳೆಯ ಸೀಟು ಎಲ್ಲ ಮತ್ತೆ ಹತ್ತಿದವು. ಕೊನೆಗೆ, "ಅಮ್ಮ, ಆ ಗಾರ್ಡು ಗುಜರಿಗೆ ಕೊಟ್ಟುಬಿಟ್ಟೆಯಾ?" ಎಂದ.

ಕೊಟ್ಟಿರಲಿಲ್ಲ. ಹಿತ್ತಿಲ ಮೂಲೆಯಲ್ಲಿ ಮಲ್ಲಿಗೆ ಬಳ್ಳಿಗೆ ಆಸರೆಯಾಗಿ ನಿಲ್ಲಿಸಿದ್ದೆ. ಬಳ್ಳಿ ಕಂಬಿಗಳಿಗೆಲ್ಲ ಸುತ್ತಿಕೊಂಡಿತ್ತು. ಕತ್ತರಿ ತರುತ್ತೇನೆಂದವನನ್ನು ತಡೆದು ಒಂದೊಂದೇ ಎಳೆ ಬಿಡಿಸಿ ಕೊಟ್ಟೆ. ಆರ್‌ಟಿಒ ಕಚೇರಿಯಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರಂತೆ, ಸುತ್ತ ಒಮ್ಮೆ ನೋಡಿದರಂತೆ, ಕೆಲಸವಾಯಿತು.

ಸಂಜೆಯೇ ಹಳೆಯ ಹ್ಯಾಂಡಲ್ ಬಿಚ್ಚಿ ಕ್ಲಿಪ್-ಆನ್ ಹಾಕಿದ. ಸೀಟಿಗೆ ಕೈ ಹಾಕಿದಾಗ, "ಅದನ್ನು ಮುಂದಿನ ವಾರ ಬಿಚ್ಚೋ. ನಾಳೆ ನಂಜನಗೂಡಿಗೆ ಹೋಗಿಬರೋಣ" ಎಂದೆ.

"ಇದರ ಮೇಲೆ? ನಿನಗೆ ಮಂಡಿ ನೋವು."

"ಮಂಡಿ ಬೇಕಾಗಿರೋದು ಕಾಲು ಆ ಕಡೆ ಈ ಕಡೆ ಹಾಕೋರಿಗೆ."

ಬೆಳಿಗ್ಗೆ ಸೊಸೆ ಸ್ಟೂಲು ತಂದಿಟ್ಟು, "ಅತ್ತೆ, ಸೆರಗು ಸಿಕ್ಕಿಸಿಕೊಳ್ಳಿ" ಎಂದು ಹತ್ತಿಸಿದಳು. ಮುಡಿದ ಹೂವಿನ ಮೇಲೆ ಹೆಲ್ಮೆಟ್ಟು ಕೂತು ಅದು ಅಲ್ಲೇ ನಜ್ಜುಗುಜ್ಜಾಯಿತು. ತಗಡಿನ ಹಲಗೆಯ ಮೇಲೆ ಪಾದ ಊರಿದೆ, ಅದು ಅದೇ ಎತ್ತರಕ್ಕಿತ್ತು. ಮಗ ಟ್ಯಾಂಕಿನ ಮೇಲೆ ಸಾಷ್ಟಾಂಗ ಹಾಕುವವನಂತೆ ಬಗ್ಗಿದ್ದ, ಹಿಂದೆ ನಾನು ನೆಟ್ಟಗೆ ಕೂತಿದ್ದೆ. ಹಿಡಿದುಕೊಳ್ಳಲು ಭುಜವೇ ಸಿಗದು, ಸೀಟಿನ ಪಟ್ಟಿ ಹಿಡಿದುಕೊಂಡೆ. ಎದುರಿಗೆ ಬಂದವರು ತಿರುಗಿ ತಿರುಗಿ ನೋಡುತ್ತಿದ್ದರು. ಮೂವತ್ತರ ಮೇಲೆ ಹೋಗಬೇಡ ಎಂದಿದ್ದೆ, ಹೋಗಲಿಲ್ಲ.

ಕಡಕೊಳ ಬರುವಷ್ಟರಲ್ಲಿ ಅವನಿಗೆ ಬೆನ್ನು ಹಿಡಿದುಕೊಂಡಿತು. ರಸ್ತೆ ಬದಿಯ ಹೋಟೆಲಿನ ಮುಂದೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನೆಟ್ಟಗಾದ. ನಾನು ಇಳಿದು ಒಳಗೆ ಹೋಗಿ ಎರಡು ಕಾಫಿ ಹೇಳಿದೆ.